ಬೆಣ್ಣೆಯಲ್ಲಿ ಮೂಡಿದ ಎತ್ತು

ಹೋದ ಮಣ್ಣೆತ್ತಿನ ಅಮಾವಾಸ್ಯೆಗೆ ಯಂಕಂಚಿಯ ಭೀಮಶ್ಯಾ ತಾನೇ ಎರೆಮಣ್ಣು ಕಲಸಿ ಪೂಜೆಯ ಎತ್ತು ಮಾಡಿದ್ದ. ಹಬ್ಬದೂಟಕ್ಕೆ ಬಂದ ಹೆಂಡತಿಯ ತಮ್ಮ ಪರಶು ಅದನ್ನು ಹೊರಳಿಸಿ ಹೊರಳಿಸಿ ನೋಡಿ, "ಮಾವಾ, ಕತ್ತಿಗೆ ಯಾಕ ಕೋಡು ಹಚ್ಚೀರಿ?" ಎಂದ. ಆ ನಗು ವರ್ಷವಾದರೂ ಆರಲಿಲ್ಲ. ಸಿಂದಗಿ ಸಂತೆಯಲ್ಲೂ ಜನ ಕತ್ತೆಯ ಯೋಗಕ್ಷೇಮ ಕೇಳುತ್ತಿದ್ದರು. ಈ ಸಲ ಪರಶುವಿನ ಬಾಯಿಂದ ಒಂದು ಶಾಬಾಸ್ ಹೇಳಿಸದಿದ್ದರೆ ಮೀಸೆ ಇಟ್ಟದ್ದೇ ದಂಡ ಎಂದುಕೊಂಡಿದ್ದ ಭೀಮಶ್ಯಾ.

ಉಪಾಯ ಸಿಕ್ಕಿದ್ದು ಮೊಬೈಲಿನಲ್ಲಿ. ಯಾವುದೋ ದೇಶದವರು ಹಬ್ಬದೂಟದ ನಡುವೆ ಬೆಣ್ಣೆಯ ಕುರಿಮರಿ ಮಾಡಿ ಇಟ್ಟಿದ್ದರು.

ಅಮಾವಾಸ್ಯೆಯ ನಸುಕಿನಲ್ಲಿ ಹೆಂಡತಿ ಹನಮವ್ವ ಮಜ್ಜಿಗೆ ಕಡೆದು, ಬೆಣ್ಣೆಯನ್ನು ತಣ್ಣೀರಿನ ಬೋಗುಣಿಗೆ ಹಾಕಿ ಮೀಯಲು ಹೋದಳು. ಭೀಮಶ್ಯಾ ಬೆಕ್ಕಿನಂತೆ ಒಳಗೆ ಬಂದು ಕೂತ. ಕಿಟಕಿಯಿಂದ ಹಾಲಿನಂಥ ಬೆಳಕು. ಬೆಣ್ಣೆ ಅಂಗೈಯಲ್ಲಿ ತಣ್ಣಗೆ ಉಸಿರಾಡಿದಂತಾಯಿತು. ಚಿಕ್ಕಂದಿನಲ್ಲಿ ಅವನ ಕೈ ನೆಕ್ಕುತ್ತಿದ್ದ ಬಿಳಿ ಹೋರಿ ನೆನಪಾಗಿ ಕಣ್ಣು ತಾವಾಗಿ ಮುಚ್ಚಿದವು. ಹೆಬ್ಬೆರಳು ಸರಿದಲ್ಲಿ ಹೆಗಲ ಮೇಲೆ ಇಣಿ ಡುಬ್ಬವಾಗಿ ಎದ್ದಿತು, ಕೋಡು ಬಾಗಿತು, ಕೊರಳಡಿ ಗಂಗೆದೊಗಲು ಇಳಿಯಿತು. ಮಣ್ಣಿನಲ್ಲಿ ಹಠ ಮಾಡುತ್ತಿದ್ದ ಎತ್ತು ಬೆಣ್ಣೆಯಲ್ಲಿ ಕರೆಯುವ ಮೊದಲೇ ಬಂದಿತ್ತು. ಕಣ್ಣಿಗೆ ಎರಡು ಕರಿ ಎಳ್ಳು ಹಚ್ಚಿ, ಉಳಿದ ಬೆಣ್ಣೆಯ ಪಕ್ಕದಲ್ಲೇ ತೇಲಿಬಿಟ್ಟು, ಮೇಲೆ ತಾಟು ಮುಚ್ಚಿ, ಹೊಲದ ಕಡೆ ತೇಲಿದಂತೆಯೇ ನಡೆದ.

ಹೊತ್ತೇರಿ ಮರಳಿದರೆ ಅಂಗಳದ ತುಂಬ ಚಪ್ಪಲಿ, ಊದುಬತ್ತಿಯ ಹೊಗೆ.

"ಬೆಣ್ಣ್ಯಾಗ ಬಸವಣ್ಣ ತಾನ ಮೂಡ್ಯಾನ್ರಿ," ಎಂದು ಹನಮವ್ವ ಕಣ್ಣೊರೆಸಿಕೊಂಡಳು. ಎತ್ತು ಆಗಲೇ ದೇವರ ಜಗಲಿ ಏರಿ ಕುಂಕುಮ ಹಚ್ಚಿಸಿಕೊಂಡಿತ್ತು. ಎದುರಿಗೆ ಪರಶು ಉದ್ದಕ್ಕೆ ಅಡ್ಡಬಿದ್ದಿದ್ದ.

"ಏ, ಅದನ್ನ ನಾನ ಮಾಡೇನಿ," ಎಂದ ಭೀಮಶ್ಯಾ.

"ಮಾವಾ, ದೇವರ ಮುಂದ ಸುಳ್ಳ ಹೇಳಬ್ಯಾಡ್ರಿ," ಎಂದ ಪರಶು ಎದ್ದು.

"ಎಳ್ಳಿನ ಕಣ್ಣ ನೋಡೋ. ನಾನ ಹಚ್ಚೇನಿ."

"ಎಳ್ಳು ಯಾರರೆ ಹಚ್ಚತಾರ್ರಿ. ಎತ್ತು?"

ಪಕ್ಕದ ಮನೆಯ ಮುಮ್ತಾಜ ಮುಂದೆ ಬಂದಳು. "ನಸಿಕಿನ್ಯಾಗ ನಾ ಕಿಡಕ್ಯಾಗಿಂದ ನೋಡೇನ್ರಿ. ಕಾಕಾ ಬೋಗುಣಿ ಮುಂದನ ಕುಂತಿದ್ರು." ಭೀಮಶ್ಯಾನಿಗೆ ಹೋದ ಜೀವ ಬಂತು. "ಕಣ್ಣ ಮುಚ್ಚಿದ್ರು. ಧ್ಯಾನ ಮಾಡಾಕತ್ತಾರ ಅಂತ ನಾ ಸುಮ್ಮನಾದ್ನಿ."

ಪರಶು ಉಳಿದ ಬೆಣ್ಣೆಯನ್ನು ತಂದು ಮುಂದಿಟ್ಟ. "ಹಂಗಾರ ಇನ್ನೊಂದ ಮಾಡಿ ತೋರಸ್ರಿ."

ಭೀಮಶ್ಯಾ ಕೈ ಹಾಕಿದ. ಸುತ್ತ ಜನ, ಮೇಲೆ ಕಾದ ತಗಡಿನ ಪತ್ರಾಸು. ಬೆಳಗಿನ ಹೋರಿಯನ್ನು ಎಷ್ಟು ಕರೆದರೂ ಅದು ಹತ್ತಿರ ಬರಲಿಲ್ಲ. ಬೆಣ್ಣೆ ಬೆರಳ ಸಂದಿಯಲ್ಲಿ ಜಾರಿತು, ಇಣಿ ಕುಸಿಯಿತು, ಕೋಡೆರಡೂ ಜೋತುಬಿದ್ದು ಉದ್ದ ಕಿವಿಗಳಾದವು.

ಪರಶು ಬಗ್ಗಿ ನೋಡಿದ. "ಶಾಬಾಸ್ ಮಾವಾ," ಎಂದ ಮನಸಾರೆ. "ಈ ಸಲ ಕತ್ತಿ ಖರೇನ ಕತ್ತಿ ಹಂಗ ಬಂದೈತಿ."

ಕತ್ತೆಯನ್ನು ಹೋಳಿಗೆಗೆ ಹಚ್ಚಿಕೊಂಡು ಎಲ್ಲರೂ ಹೊಟ್ಟೆ ತುಂಬ ಉಂಡರು. ಊಟ ಮುಗಿದ ಮೇಲೆ ಹನಮವ್ವ ಗಂಡನನ್ನು ಜಗಲಿಯ ಮುಂದೆ ನಿಲ್ಲಿಸಿದಳು.

"ಒಂದ ನಮಸ್ಕಾರ ಮಾಡ್ರಿ. ಬರೂ ವರ್ಷರೆ ನಿಮಗ ಎತ್ತು ಮಾಡಾಕ ಬರ್ಲಿ ಅಂತ ಬೇಡಕೊರ್ರಿ."

ಭೀಮಶ್ಯಾ ಬೆಣ್ಣೆಗೈ ಒರೆಸಿಕೊಂಡು ಬೇಡಿಕೊಂಡ.