ಬೀಗರ ಬೆರಳ ಸಂದಿಯಲ್ಲಿ ಕೆಚಪ್

ಬಂದವರನ್ನು ಉಪಚರಿಸುವ ವಿದ್ಯೆಯಲ್ಲಿ ಇಡೀ ಟೆಕ್ಸಾಸ್‌ನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಅಭಿಪ್ರಾಯ ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಅದು ನನ್ನೊಬ್ಬನದೇ ಅಭಿಪ್ರಾಯ ಎಂದು ನನ್ನ ಹೆಂಡತಿ ರಜನಿ ಹೇಳುತ್ತಾಳೆ. ಹೇಳಲಿ. ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನ ನಮ್ಮ ಮನೆಗೆ ಊಟಕ್ಕೆ ಬಂದವರು ಬೆಲ್ಟು ಸಡಿಲಿಸಿಕೊಂಡು, ಕಾರಿನ ಸೀಟು ಹಿಂದಕ್ಕೆ ತಳ್ಳಿಕೊಂಡೇ ಹೋಗಿದ್ದಾರೆ. ಕೆಲವರು ಮತ್ತೆ ಬಂದಿಲ್ಲ, ಅದು ಬೇರೆ ಮಾತು.

ಹೀಗಿರುವಾಗ ಆಸ್ಟಿನ್‌ನಿಂದ ಮಗಳು ಮಹತಿಯ ಫೋನು ಬಂತು. ಅಲ್ಲಿನ ಬಡಾವಣೆ ದ ಡೊಮೇನ್‌ನ ಒಂದು ಆಫೀಸಿನಲ್ಲಿ ಅವಳ ಕೆಲಸ. ಅದೇ ಆಫೀಸಿನ ನೇಥನ್ ಎಂಬ ಶಿಕಾಗೋ ಹುಡುಗನನ್ನು ಮದುವೆಯಾಗುವುದೆಂದು ಅವಳು ತೀರ್ಮಾನಿಸಿ, ನಾವೂ ಒಪ್ಪಿಯಾಗಿತ್ತು. ಹುಡುಗನ ಅಪ್ಪ ಅಮ್ಮ ಮಾತ್ರ ನಮ್ಮನ್ನು ನೋಡಿರಲಿಲ್ಲ.

"ಅಪ್ಪಾ, ನೇಥನ್ ಪೇರೆಂಟ್ಸ್ ಬರ್ತಿದಾರೆ. ಸ್ಯಾಟರ್ಡೇ ಲಂಚ್‌ಗೆ ಮನೆಗೆ ಕರ್ಕೊಂಡ್ ಬರ್ತೀವಿ. ಅವರಪ್ಪ ವಾಲ್ಟ್ ತುಂಬಾ ಕಡಿಮೆ ಮಾತಾಡೋದು. ಇಷ್ಟ ಆಗ್ಲಿಲ್ಲ ಅಂದ್ರೆ ಏನೂ ಹೇಳಲ್ಲ, ಸುಮ್ನೆ ಎದ್ದು ಹೋಗ್ಬಿಡ್ತಾರೆ. ಅವರಪ್ಪನಿಗೆ ಬೇಜಾರಾದ್ರೆ ನೇಥನ್ ಮದುವೆ ಡೇಟ್ ಫಿಕ್ಸ್ ಮಾಡಲ್ಲ. ಪ್ಲೀಸ್, ನೀವು ನಾರ್ಮಲ್ ಆಗಿರಿ."

ನಾನು ಯಾವಾಗ ನಾರ್ಮಲ್ ಆಗಿರಲಿಲ್ಲ ಎಂಬುದು ನನಗೆ ಅರ್ಥವಾಗಲಿಲ್ಲ. ಆದರೆ ಮಗಳ ದನಿ ನಡುಗುತ್ತಿತ್ತು. ಆ ಕ್ಷಣವೇ ಪ್ರತಿಜ್ಞೆ ಮಾಡಿದೆ: ಶಿಕಾಗೋದ ಈ ಬೀಗರಿಗೆ ಶಿಕಾಗೋದ ಹಾಟ್ ಡಾಗನ್ನೇ ಬಡಿಸಿ ಗೆಲ್ಲುತ್ತೇನೆ!

"ಬೇಡ ರೀ," ಎಂದಳು ರಜನಿ. "ಪೂರಿ, ಸಾಗು, ಚಿತ್ರಾನ್ನ, ಪಾಯಸ ಮಾಡ್ತೀನಿ. ನಮ್ಮ ಮನೇಲಿ ನಮ್ಮ ಊಟ."

"ಅವರ ಊರಿನ ತಿಂಡಿ ಕಂಡ್ರೆ ಅವರಿಗೆ ಖುಷಿ ಆಗಲ್ವಾ? ದಾವಣಗೆರೆಯವರು ಬಂದ್ರೆ ಬೆಣ್ಣೆ ದೋಸೆ ಹಾಕಿದ ಹಾಗೆ."

"ದಾವಣಗೆರೆಯವರಿಗೆ ನೀವು ಬೆಣ್ಣೆ ದೋಸೆ ಹಾಕಿದ್ರೆ ಅವರು ಮುಖ ಮುಖ ನೋಡ್ಕೋತಾರೆ."

ಒಂದು ಸಣ್ಣ ತೊಡಕಿತ್ತು. ನಾನು ಹುಟ್ಟಾ ಸಸ್ಯಾಹಾರಿ. ಹಾಟ್ ಡಾಗ್ ಎಂದರೆ ಬನ್ನಿನೊಳಗೆ ಉದ್ದಕ್ಕೆ ಮಲಗಿರುವ ಸಾಸೇಜು ಎಂಬುದರಿಂದಾಚೆಗೆ ನನಗೇನೂ ತಿಳಿಯದು. ಹಾಗಾಗಿ ಡಲ್ಲಾಸ್‌ನಲ್ಲಿರುವ ನಮ್ಮ ಡಾಕ್ಟರ್ ದಾನಪ್ಪನವರಿಗೆ ಫೋನು ಮಾಡಿದೆ. ಮೂಲ ಬಾಗಲಕೋಟೆಯವರು, ತಿನ್ನದ ಪದಾರ್ಥವಿಲ್ಲ.

"ಹಾಟ್ ಡಾಗ್ ಅಂದ್ರ ಯಾವ ಊರಿಂದು ಅನ್ನೂದು ಮೊದಲ ಹೇಳ್ರಿ," ಎಂದರು ದಾನಪ್ಪ. "ನಮ್ಮ ಡಲ್ಲಾಸ್ ಜಾತ್ರಿ ಅಂದ್ರ ಸ್ಟೇಟ್ ಫೇರ್‌ದಾಗ ಅದನ್ನ ಕಡ್ಡಿಗೆ ಚುಚ್ಚಿ, ಮೆಕ್ಕಿಜೋಳದ ಹಿಟ್ಟಿನ್ಯಾಗ ಅದ್ದಿ, ಮಿರ್ಚಿ ಭಜಿ ಕರದಂಗ ಕರೀತಾರ. ಅದಕ್ಕ ಬನ್ನ ಇಲ್ಲರಿ."

"ಬನ್ನೇ ಇಲ್ವಾ?"

"ನ್ಯೂಯಾರ್ಕ್‌ದಾಗ ಬನ್ನ ಐತಿ. ಮ್ಯಾಲ ಹುಳಿ ಬರಿಸಿದ ಕೋಸು ಹಾಕ್ತಾರ. ಶಿಕಾಗೋದ್ದು ನಂಗ ಗೊತ್ತಿಲ್ಲ. ಆದ್ರ ಆ ಮಂದಿ ಭಾಳ ಸೂಕ್ಷ್ಮ ಅದಾರ, ಹುಷಾರ್‌ರಿ."

ಎದುರು ಮನೆಯ ಬಿಲ್ಲಿಯನ್ನು ಕೇಳಿದೆ. ಹ್ಯೂಸ್ಟನ್‌ನಲ್ಲೇ ಹುಟ್ಟಿ ಬೆಳೆದ ಅವನು, ಹಾಟ್ ಡಾಗ್ ಮೇಲೆ ಖೀಮಾದಂಥ ಚಿಲಿ ಸುರಿಯದಿದ್ದರೆ ಅದು ಹಾಟ್ ಡಾಗೇ ಅಲ್ಲ, ಆ ಚಿಲಿಯೊಳಗೆ ಕಾಳು ಹಾಕಿದವನು ಟೆಕ್ಸಾಸ್‌ನವನೇ ಅಲ್ಲ ಎಂದು ಬೇಲಿಯಾಚೆಯಿಂದ ಭಾಷಣ ಮಾಡಿದ. ಮಹತಿಗೆ ಫೋನು ಮಾಡಿದರೆ, ಆಸ್ಟಿನ್‌ನಲ್ಲಿ ಅದರ ಮೇಲೆ ಯಾರು ಏನು ಬೇಕಾದರೂ ಹಾಕುತ್ತಾರೆ, ದಯವಿಟ್ಟು ಪಿಜ್ಜಾ ತರಿಸಿ ಎಂದಳು. ಒಂದು ಸಾಸೇಜಿಗೆ ಇಷ್ಟು ಮಠಗಳು, ಇಷ್ಟು ಸಂಪ್ರದಾಯಗಳು! ನಮ್ಮಲ್ಲಿ ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂದು ಜಗಳವಾಡುವವರೇ ವಾಸಿ ಎನಿಸಿತು.

ಕೊನೆಗೆ ಯೂಟ್ಯೂಬಿಗೆ ಶರಣಾದೆ. ಶಿಕಾಗೋದ ಕ್ರಮ ಅಲ್ಲಿ ಸ್ಪಷ್ಟವಾಗಿತ್ತು. ಗಸಗಸೆ ಅಂಟಿಸಿದ ಬನ್ನು. ಹಬೆಯಲ್ಲಿ ಬೇಯಿಸಿದ ಸಾಸೇಜು. ಮೇಲೆ ಹಳದಿ ಸಾಸಿವೆ ಗೊಜ್ಜು, ಗಿಳಿಹಸಿರು ಬಣ್ಣದ ಸಿಹಿ ಉಪ್ಪಿನಕಾಯಿ, ಈರುಳ್ಳಿ, ಟೊಮೆಟೊ ಹೋಳು, ಉಪ್ಪಿನಲ್ಲಿಟ್ಟ ಸೌತೆಕಾಯಿ, ಪುಟ್ಟ ಮೆಣಸಿನಕಾಯಿ, ಸೆಲರಿ ಉಪ್ಪು. ತೋಟದಲ್ಲೆಲ್ಲ ಎಳೆದಾಡಿ ತಂದದ್ದು ಎಂದೇ ಇದನ್ನು ಕರೆಯುತ್ತಾರಂತೆ. ನೋಡಿ ನನಗೆ ಆನಂದವಾಯಿತು. ಇದು ಸಾಸೇಜಿನ ನೆಪದಲ್ಲಿ ಮಾಡಿದ ಕೋಸಂಬರಿ! ವಿಡಿಯೋದ ಕೊನೆಯಲ್ಲಿ 'ಹಾಕಬಾರದ್ದು' ಎಂಬ ಭಾಗ ಶುರುವಾಯಿತು. ಹಾಕಬೇಕಾದ್ದೇ ಇಷ್ಟಿರುವಾಗ ಹಾಕಬಾರದ್ದನ್ನು ಕಟ್ಟಿಕೊಂಡು ಏನಾಗಬೇಕು ಎಂದು ಅಲ್ಲಿಗೆ ನಿಲ್ಲಿಸಿದೆ.

ಗಸಗಸೆ ಹಚ್ಚಿದ ಬನ್ನು ಹ್ಯೂಸ್ಟನ್‌ನ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಸಾದಾ ಬನ್ನಿಗೆ ತುಪ್ಪ ಸವರಿ, ಪಾಯಸಕ್ಕೆಂದು ರಜನಿ ತೆಗೆದಿಟ್ಟಿದ್ದ ಗಸಗಸೆಯಲ್ಲಿ ಹೊರಳಾಡಿಸಿದೆ.

ರಜನಿಯ ಷರತ್ತುಗಳು ಹೀಗಿದ್ದವು: ಶಿಕಾಗೋದವರದು ದನದ ಮಾಂಸದ ಸಾಸೇಜಾದರೂ ನಮ್ಮ ಮನೆಗೆ ಬರುವುದು ಕೋಳಿಯದು ಮಾತ್ರ, ಅದೂ ಹಿತ್ತಲಿನಲ್ಲಿ ಬೇಯಬೇಕು. "ನನ್ನ ಇಡ್ಲಿ ಪಾತ್ರೆಗೆ ಮಾತ್ರ ಕೈ ಹಾಕ್ಬೇಡಿ," ಎಂದೂ ಸೇರಿಸಿದಳು. ಹೊಸ ಪಾತ್ರೆ ತಂದು, ಆಗಸ್ಟಿನ ಬಿಸಿಲಿಗೆ ಹಿತ್ತಲಿನಲ್ಲಿ ನಿಂತೆ. ಒಲೆ ಹಚ್ಚದಿದ್ದರೂ ಬೇಯುತ್ತಿತ್ತೇನೋ. ಸಾಸೇಜಲ್ಲ, ನಾನು.

ಶನಿವಾರ ಬೀಗರು ಬಂದರು. ವಾಲ್ಟ್ ಎತ್ತರದ ಆಸಾಮಿ, ಇಸ್ತ್ರಿ ಮಾಡಿದ ಬಿಳಿ ಷರ್ಟು, ಅಳೆದು ತೂಗಿ ಆಡುವ ಮಾತು. ಅವರ ಹೆಂಡತಿ ಡೋರೀನ್ ನಗುಮುಖದವರು. ನಾನು ಹಾಟ್ ಡಾಗಿನ ತಟ್ಟೆ ತಂದಿಟ್ಟಾಗ ವಾಲ್ಟ್ ಅದನ್ನೇ ನೋಡುತ್ತ ಕುಳಿತರು.

"ಇದನ್ನು ನಿಮಗೆ ಯಾರು ಹೇಳಿಕೊಟ್ಟರು?" ಎಂದರು. ಇಂಗ್ಲಿಷಿನಲ್ಲಿ ಹೇಳಿದ್ದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ನನ್ನ ತಂದೆ ಬೇಸ್‌ಬಾಲ್ ಮೈದಾನದ ಹೊರಗೆ ಜೀವಮಾನವೆಲ್ಲ ತಳ್ಳುಗಾಡಿಯಲ್ಲಿ ಇದನ್ನೇ ಮಾರಿದರು. ಆ ಗಾಡಿಯಿಂದಲೇ ನಾನು ಓದಿದ್ದು."

ಅವರ ಕಣ್ಣು ತುಸು ಒದ್ದೆಯಾಗಿತ್ತು. ಮಹತಿ ನನ್ನ ಕಡೆ ತಿರುಗಿ ನಕ್ಕಳು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ನಾನು ಈ ಲೇಖನ ಬರೆಯಬೇಕಾಗಿರಲಿಲ್ಲ. ಆದರೆ ಬಡಿಸುವವನ ಕೈ ಸುಮ್ಮನಿರುವುದುಂಟೆ? ಮೇಜಿನ ಮೇಲೆ ಸಮೋಸಕ್ಕೆಂದು ಇಟ್ಟಿದ್ದ ಕೆಚಪ್ ಬಾಟಲಿ ಕಂಡಿತು. ಎತ್ತಿಕೊಂಡೆ.

"ಸ್ವಲ್ಪ ಕೆಚಪ್?"

"ಬೇಡ, ಥ್ಯಾಂಕ್ಸ್," ಎಂದರು ವಾಲ್ಟ್.

ಎಷ್ಟು ಸಂಭಾವಿತ ಮನುಷ್ಯ ಎಂದುಕೊಂಡೆ. ಬೀಗರ ಮನೆಯಲ್ಲಿ ಮೊದಲ ಸಲಕ್ಕೇ ಹಾಕಿ ಎನ್ನುವವರು ಯಾರಿದ್ದಾರೆ? "ಸಂಕೋಚ ಪಡಬೇಡಿ, ಒಂದೇ ಒಂದು ಚೂರು," ಎಂದೆ.

"ನಿಜವಾಗಿಯೂ ಬೇಡ. ಕೆಚಪ್ ಬೇಡ."

ಎರಡನೆಯ ಸಲ! ನನಗೆ ಹುರುಪು ಬಂತು. ಬಾಟಲಿಯನ್ನು ಬಗ್ಗಿಸಿದೆ. ವಾಲ್ಟ್ ಥಟ್ಟನೆ ಎರಡೂ ಕೈಗಳನ್ನು ಬನ್ನಿನ ಮೇಲೆ ಅಡ್ಡ ಹಿಡಿದರು. ಓದುಗರೇ, ನೀವೇ ಹೇಳಿ. ಊಟದ ಪಂಕ್ತಿಯಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದವರನ್ನು ಬಿಟ್ಟು ಮುಂದೆ ಹೋದ ಬಡಿಸುವವನನ್ನು ಎಲ್ಲಾದರೂ ಕಂಡಿದ್ದೀರಾ? ನಮ್ಮ ಸೋದರಮಾವ ಹೀಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ತುಪ್ಪ ಬಿಡುತ್ತಿದ್ದೆವು, ಅವರು ಸಂತೋಷದಿಂದ ಬಯ್ಯುತ್ತಿದ್ದರು. ಕೈ ತಾನಾಗಿ ಕೆಲಸ ಮಾಡಿತು. ಬೆರಳ ಸಂದಿ ನೋಡಿ ಬಾಟಲಿ ಹಿಚುಕಿದೆ.

ಕೆಚಪ್ಪು ಬೆರಳಿಗೆ, ಬನ್ನಿಗೆ, ಬಿಳಿ ಷರ್ಟಿನ ತೋಳಿಗೆ ಸಮನಾಗಿ ಹಂಚಿಕೆಯಾಯಿತು.

ಡೋರೀನ್ ತುತ್ತನ್ನು ಬಾಯಿಗಿಡದೆ ಹಿಡಿದೇ ಇದ್ದರು. ನೇಥನ್‌ನ ಮುಖ ಬಿಳುಚಿತು. ಮೊದಲೇ ಬಿಳಿ ಹುಡುಗ. ವಾಲ್ಟ್ ಬಯ್ಯಲಿಲ್ಲ, ನಗಲೂ ಇಲ್ಲ. ನನಗೆ ಗೊಂದಲವಾಯಿತು. ಬಯ್ಯುವುದಾದರೂ ಮಾಡಬೇಡವೆ?

"ಅಪ್ಪಾ, ವಾಟ್ ಹ್ಯಾವ್ ಯು ಡನ್?" ಎಂದಳು ಮಹತಿ.

ನೇಥನ್ ತಗ್ಗಿದ ದನಿಯಲ್ಲಿ ವಿವರಿಸಿದ. ಶಿಕಾಗೋದವರು ಹಾಟ್ ಡಾಗಿಗೆ ಏನು ಬೇಕಾದರೂ ಹಾಕುತ್ತಾರೆ, ಕೆಚಪ್ ಒಂದನ್ನು ಬಿಟ್ಟು. ಸಣ್ಣ ಮಕ್ಕಳಿಗಾದರೆ ಮಾಫಿ. ಅವನ ತಾತ ಗಾಡಿಯ ಮೇಲೆ ಬೋರ್ಡೇ ಹಾಕಿದ್ದರಂತೆ: ಕೆಚಪ್ ಕೇಳುವವರು ಪಕ್ಕದ ಗಾಡಿಗೆ ಹೋಗಬಹುದು. ಪಕ್ಕದಲ್ಲಿ ಗಾಡಿ ಇರಲಿಲ್ಲವಂತೆ.

ಮಗಳ ಮದುವೆಯ ಮೇಲೆ ನಾನೇ ಕೈಯಾರೆ ಕೆಚಪ್ ಸುರಿದಿದ್ದೆ. ಅವಳ ಕಣ್ಣು ತುಂಬಿತ್ತು. ತೊದಲುತ್ತ ವಾಲ್ಟ್‌ಗೆ ನಮ್ಮ ಕ್ರಮ ಹೇಳಿದೆ: ನಮ್ಮಲ್ಲಿ ಮೊದಲ ಸಲದ ಬೇಡ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ, ಕೈ ಅಡ್ಡ ಹಿಡಿದರೆ ಧಾರಾಳವಾಗಿ ಹಾಕಿ ಎಂದರ್ಥ.

ವಾಲ್ಟ್ ಗಂಭೀರವಾಗಿ ಕೇಳಿಸಿಕೊಂಡರು. "ಹಾಗಾದರೆ, ನಿಜವಾಗಿಯೂ ಬೇಡವಾದವನು ಏನು ಮಾಡಬೇಕು?"

ಇದನ್ನು ನಾನು ಎಂದೂ ಯೋಚಿಸಿರಲಿಲ್ಲ. "ಎದ್ದು ಕೈ ತೊಳೆಯೋಕೆ ಹೋಗಬೇಕು," ಎಂದೆ.

ವಾಲ್ಟ್ ಎದ್ದು ಕೈ ತೊಳೆಯಲು ಹೋದರು. ಕೈ ಅಂಟಾಗಿದೆ ಎಂದು ಹೋದರೋ, ನಮ್ಮ ಕ್ರಮ ಅರ್ಥವಾಗಿ ಹೋದರೋ, ಇಲ್ಲ ಅಲ್ಲಿಂದ ಸೀದಾ ಏರ್‌ಪೋರ್ಟಿಗೆ ಹೋಗುತ್ತಾರೋ ತಿಳಿಯದೆ ನಾವೆಲ್ಲ ನಲ್ಲಿಯ ಶಬ್ದ ಕೇಳುತ್ತ ಕುಳಿತೆವು.

ವಾಪಸು ಬಂದರು. ಕುಳಿತರು. ಕೈ ಚಾಚಿದರು. "ನಂದಕುಮಾರ್, ಒಂದು ಒಪ್ಪಂದ ಮಾಡಿಕೊಳ್ಳೋಣ. ಇವತ್ತಿನಿಂದ ನಮ್ಮೆರಡು ಮನೆಗಳ ನಡುವೆ ಬೇಡ ಅಂದರೆ ಬೇಡ. ಒಂದೇ ಸಲ."

"ಒಪ್ಪಿದೆ," ಎಂದು ಎರಡೂ ಕೈಯಲ್ಲಿ ಆ ಕೈ ಹಿಡಿದುಕೊಂಡೆ. ಆಗಲೇ ವಾಲ್ಟ್ ಮೊದಲ ಸಲ ನಕ್ಕದ್ದು. ಹೊಸ ಹಾಟ್ ಡಾಗ್ ಮಾಡಿಕೊಟ್ಟೆ. ತಿಂದರು. ಕೇಳಿ ಇನ್ನೊಂದು ಹಾಕಿಸಿಕೊಂಡರು. ಮಹತಿ ಕಣ್ಣೊರೆಸಿಕೊಂಡಳು. ನಾನು ಉಸಿರು ಬಿಟ್ಟೆ.

ಪಾಯಸದ ಹೊತ್ತಿಗೆ ವಾಲ್ಟ್ ಗಂಟಲು ಸರಿಮಾಡಿಕೊಂಡರು. "ನಮಗೆ ನಿಮ್ಮ ಮಗಳು ತುಂಬ ಇಷ್ಟ. ಮುಂದಿನ ಬೇಸಿಗೆಯಲ್ಲಿ ಮದುವೆ ಮಾಡೋಣ. ನಮ್ಮ ಊರಿನಲ್ಲಿ ಹಾಲ್ ಇದೆ, ಕೆಲಸಕ್ಕೆ ಅಣ್ಣತಮ್ಮಂದಿರು, ಅವರ ಮಕ್ಕಳು ಎಲ್ಲರೂ ಇದ್ದಾರೆ. ನಿಮ್ಮ ಪುರೋಹಿತರನ್ನೂ ಅಡುಗೆಯವರನ್ನೂ ನಾವೇ ಕರೆಸುತ್ತೇವೆ. ನೀವು ಬಂದು ಆರಾಮವಾಗಿ ಕುಳಿತರೆ ಸಾಕು. ಎಲ್ಲ ನಾವು ನೋಡಿಕೊಳ್ಳಲಾ?"

ಹೆಣ್ಣಿನ ತಂದೆಗೆ ಬೇರೆ ಯಾವ ವರ ಬೇಕು? ಮನಸ್ಸು ಕುಣಿಯಿತು. ಆದರೆ ಮೊದಲ ಸಲಕ್ಕೇ ಹೂಂ ಅನ್ನಲಾಗುತ್ತದೆಯೆ? "ಛೇ ಛೇ, ಬೇಡ ಬೇಡ. ನಿಮಗ್ಯಾಕೆ ತೊಂದರೆ?" ಎಂದೆ.

ವಾಲ್ಟ್‌ರ ಬೆನ್ನ ಹಿಂದೆ ನಿಂತಿದ್ದ ರಜನಿ ಕಣ್ಣರಳಿಸಿ ಜೋರಾಗಿ ಕೈಯಾಡಿಸಿದಳು. ಹೆಣ್ಣಿನ ಕಡೆಯ ಘನತೆ ಬಿಡಬೇಡಿ ಎನ್ನುತ್ತಿದ್ದಾಳೆಂದು ಅರ್ಥ ಮಾಡಿಕೊಂಡು ದನಿ ಏರಿಸಿದೆ. "ಎಲ್ಲ ಇಲ್ಲೇ ಹ್ಯೂಸ್ಟನ್‌ನಲ್ಲಿ ನಾನೇ ಮಾಡ್ತೀನಿ. ನೀವು ಬಂದು ಕೂತ್ಕೊಳ್ಳಿ ಸಾಕು."

ಇನ್ನು ಅವರು ಎರಡನೆಯ ಸಲ ಹೇಳುತ್ತಾರೆ, ನಾನು ಸ್ವಲ್ಪ ಬಾಗುತ್ತೇನೆ, ಮೂರನೆಯ ಸಲಕ್ಕೆ ನಿಮ್ಮಿಷ್ಟ ಎನ್ನುತ್ತೇನೆ ಎಂದು ಕಾದೆ.

"ಸರಿ," ಎಂದರು ವಾಲ್ಟ್. "ಬೇಡ ಅಂದರೆ ಬೇಡ." ಪಾಯಸ ಮುಗಿಸಿದರು. ಡೋರೀನ್ ನನ್ನ ಎರಡೂ ಕೈ ಹಿಡಿದು ಧನ್ಯವಾದ ಹೇಳಿದರು. ಅವರ ಕಡೆಯಿಂದ ಬರುವ ನೆಂಟರೇ ನೂರರ ಮೇಲಂತೆ. ಕಾರು ತಿರುವು ದಾಟುವವರೆಗೂ ವಾಲ್ಟ್ ಕಿಟಕಿಯಿಂದ ಕೈ ಬೀಸುತ್ತಿದ್ದರು. ನಾನು ಡ್ರೈವ್‌ವೇಯಲ್ಲೇ ನಿಂತೆ, ಏನಾಯಿತೆಂದು ಇನ್ನೂ ಪೂರ್ತಿ ತಲೆಗೆ ಹತ್ತದೆ.

ಒಳಗೆ ರಜನಿ ಪಾತ್ರೆ ಎತ್ತಿಡುತ್ತಿದ್ದಳು. "ಅಷ್ಟು ಜನದ ಮದುವೆ ಒಬ್ಬನೇ ಹೇಗೆ ಮಾಡ್ಲಿ? ನೀನಾದ್ರೂ ತಡೀಬಾರದಿತ್ತಾ?" ಎಂದೆ.

"ಕೈ ಆಡಿಸಿದ್ದು ಮತ್ಯಾಕೆ? ಬೇಡ ಅನ್ನಬೇಡಿ ಅಂತಾನೇ."

"ನಾನು ಬೇರೆ ಥರ ತಿಳ್ಕೊಂಡೆ."

"ಮೂವತ್ತು ವರ್ಷದಿಂದ ಹಾಗೇ ತಿಳ್ಕೊಂಡಿದೀರಿ," ಎಂದಳು ರಜನಿ, ಕೋಪವಿಲ್ಲದೆ. "ಇರಲಿ ಬಿಡಿ, ಮಾಡೋಣ. ಒಂದೇ ಸಲ ಬೇಡ ಅಂದ್ರೆ ಕೇಳಿಸ್ಕೊಳ್ಳೋ ಮನೆಗೆ ನನ್ನ ಮಗಳು ಹೋಗ್ತಿದಾಳೆ. ನನಗೆ ಅಷ್ಟು ಸಾಕು."