ನಾನು ಮಲಗಿದ್ದೆನೆಂದು ಬರೆದುಕೊಂಡ ಯಂತ್ರಕ್ಕೆ

ಮಾನ್ಯರೇ,

ನನ್ನ ಲಾರಿಯ ಮುಂಗಾಜಿನ ಮೇಲ್ಗಡೆಯ ಗೂಡಿನಲ್ಲಿ ಹಾಯಾಗಿ ವಿರಾಜಮಾನರಾಗಿರುವ, ಟ್ಯಾಕೋಗ್ರಾಫ್ ಎಂಬ ಬಿರುದು ಹೊತ್ತ, ಚಾಲಕರ ನಿಮಿಷ ನಿಮಿಷದ ಲೆಕ್ಕ ಬರೆಯುವ ಯಂತ್ರ ಮಹಾಶಯರಾದ ತಮಗೆ, ನಾರ್ಫೋಕ್ ಜಿಲ್ಲೆಯ ಹೊಲಗಳಿಂದ ಕಾರ್ಖಾನೆಗೆ ಸಕ್ಕರೆ ತೆಗೆಯುವ ಬೀಟ್ ಗೆಡ್ಡೆ ಸಾಗಿಸುವ ಅರವತ್ತೊಂದು ವರ್ಷದ ನೆವಿಲ್ ಸ್ಪಿಂಕ್ಸ್ ಎಂಬ ಬಡಪಾಯಿಯ ಅನಂತ ವಂದನೆಗಳು. ತಾವು ಕ್ಷೇಮವೆಂದೂ, ತಮ್ಮ ಕಾಗದದ ಸುರುಳಿ ಮುಗಿದಿಲ್ಲವೆಂದೂ, ಈ ಚಳಿಗಾಲದ ತೇವ ತಮ್ಮ ಒಳಾಂಗಗಳನ್ನು ಬಾಧಿಸುತ್ತಿಲ್ಲವೆಂದೂ ನಂಬಿದ್ದೇನೆ. ನನ್ನ ಕ್ಷೇಮದ ವಿಚಾರ ಕೇಳುವಿರಾದರೆ, ಬರುವ ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಸಾರಿಗೆ ಅಧಿಕಾರಿಗಳ ಮುಂದೆ ನನ್ನ ಲಾರಿ ಲೈಸೆನ್ಸಿನ ವಿಚಾರಣೆಯಿದೆ. ಅದು ಇರುತ್ತದೋ ಹೋಗುತ್ತದೋ ಎಂಬುದು ತಾವು ಬರೆದ ಒಂದು ಸಾಲಿನ ಮೇಲೆ ನಿಂತಿದೆ. ಈ ವಯಸ್ಸಿನಲ್ಲಿ ಲಾರಿ ಬಿಟ್ಟರೆ ನನಗೆ ಬರುವ ವಿದ್ಯೆ ಚಹಾ ಕಾಸುವುದೊಂದೇ, ಅದೂ ಚೆನ್ನಾಗಿಲ್ಲವೆಂದು ಮನೆಯಾಕೆ ರೀಟಾ ಹೇಳುತ್ತಾಳೆ.

ದೂರು ಹೀಗಿದೆ. ಕಳೆದ ನವೆಂಬರಿನ ಒಂದು ಗುರುವಾರ, ಬೆಳಗಿನ ಐದು ಗಂಟೆ ಐವತ್ತೆಂಟು ನಿಮಿಷದವರೆಗೆ ನನ್ನ ಹೆಸರಿನ ಮುಂದೆ ತಾವು ಮಂಚದ ಗುರುತು ಹಾಕಿದ್ದೀರಿ, ಅಂದರೆ ವಿಶ್ರಾಂತಿ. ಐವತ್ತೊಂಬತ್ತಕ್ಕೆ ಸ್ಟೀರಿಂಗ್ ಚಕ್ರದ ಗುರುತು, ಅಂದರೆ ಲಾರಿ ಹೊರಟಿತು. ನಡುವೆ ಇರಬೇಕಾಗಿದ್ದ ಅಡ್ಡ ಸುತ್ತಿಗೆಗಳ ಗುರುತು, ಅಂದರೆ ಲಾರಿ ಓಡಿಸುವುದನ್ನು ಬಿಟ್ಟು ಬೇರೆ ಕೆಲಸ, ಎಲ್ಲೂ ಕಾಣುತ್ತಿಲ್ಲ. ಆದರೆ ಲಾರಿ ಹೊರಡಿಸುವ ಮುನ್ನ ನಾವು ತುಂಬಬೇಕಾದ ತಪಾಸಣಾ ಚೀಟಿಯಲ್ಲಿ, ಅದೇ ಗುರುವಾರ, ಐದು ನಲವತ್ತರಿಂದ ಐದು ಐವತ್ತೈದರವರೆಗೆ ನಾನು ದೀಪ, ಕನ್ನಡಿ, ಬ್ರೇಕು, ಟೈರು, ಚಕ್ರದ ನಟ್ಟುಗಳನ್ನೆಲ್ಲ ನೋಡಿ "ಎಲ್ಲ ಸರಿಯಾಗಿದೆ" ಎಂದು ಸಹಿ ಮಾಡಿದ್ದೇನೆ. ಎರಡೂ ದಾಖಲೆಗಳನ್ನು ನಂಬಿದರೆ, ನಾನು ಮಂಚದ ಮೇಲೆ ಹೊದ್ದು ಮಲಗಿಕೊಂಡೇ ಇಡೀ ಲಾರಿಯನ್ನು ಒಂದು ಸುತ್ತು ಹಾಕಿದ ಪವಾಡಪುರುಷನಾಗುತ್ತೇನೆ. ಅಧಿಕಾರಿಗಳಿಗೆ ಪವಾಡಗಳಲ್ಲಿ ಅಷ್ಟು ನಂಬಿಕೆಯಿದ್ದಂತಿಲ್ಲ.

ಇಷ್ಟಕ್ಕೂ ಅವರು ಈ ಸಾಲನ್ನು ಕೆದಕಲು ಕಾರಣ, ಅದೇ ದಿನ ಹನ್ನೊಂದು ಗಂಟೆಗೆ ಸ್ವಾಫಮ್ ರಸ್ತೆಯಲ್ಲಿ ನನ್ನ ಟ್ರೈಲರಿನ ಎಡಗಡೆಯ ಒಂದು ಚಕ್ರ ನನಗೆ ಹೇಳದೆ ಕೇಳದೆ ಕಳಚಿಕೊಂಡು, ನನ್ನನ್ನೇ ಹಿಂದೆ ಹಾಕಿ ಮುಂದೆ ಓಡಿ, ಬೇಲಿ ನುಗ್ಗಿ, ಶ್ರೀಮತಿ ಐವಿ ಥರ್ಟಲ್ ಎಂಬ ಹಿರಿಯರ ಹಿತ್ತಲಿಗೆ ಹೋದದ್ದು. ಬೆಳಗಿನ ಮಳೆ ನಿಂತು ಬಿಸಿಲು ಬಂತೆಂದು ಆಕೆ ಬಟ್ಟೆ ಒಣಹಾಕುತ್ತಿದ್ದರು. ಚಕ್ರ ಬಟ್ಟೆಯ ಹಗ್ಗ ಕಟ್ಟಿದ್ದ ಕಂಬವನ್ನು ಬುಡಸಮೇತ ಕಿತ್ತು ಕೋಳಿಗೂಡಿಗೆ ಒರಗಿ ನಿಂತಿತು. ನಾನು ಏದುಸಿರು ಬಿಡುತ್ತ ಓಡಿ ಹೋದಾಗ ಆಕೆ ಕೈಯಲ್ಲೊಂದು ಒದ್ದೆ ದಿಂಬಿನ ಚೀಲ ಹಿಡಿದು ನಿಂತಲ್ಲೇ ನಿಂತಿದ್ದರು. "ಕ್ಲಿಪ್ಪು ಬಿತ್ತು ಅಂತ ಬಗ್ಗೋಕೆ ಈ ಕಡೆ ಬಂದೆ ಕಣಪ್ಪಾ, ಇಲ್ದಿದ್ರೆ ಕಂಬದ ಹತ್ರಾನೇ ಇದ್ದೆ" ಎಂದರು. ಕೊನೆಗೆ ಆಕೆಯೇ ನನ್ನನ್ನು ಹಿಡಿದು ಮೆಟ್ಟಿಲ ಮೇಲೆ ಕೂರಿಸಿದರು.

ಇನ್ನು ತಮ್ಮ ಗುಣಗಾನ ಮಾಡದೆ ಮುಂದುವರಿದರೆ ಅದು ಕೃತಘ್ನತೆಯಾದೀತು. ತಾವು ಒಂದು ದಿನವೂ ರಜೆ ಹಾಕಿದವರಲ್ಲ, ಕೆಮ್ಮಿದವರಲ್ಲ, ಕಾರ್ಖಾನೆಯ ಗೇಟಿನ ಮುಂದಿನ ಸರದಿಯಲ್ಲಿ ಎರಡು ಗಂಟೆ ನಿಂತಾಗಲೂ ಬೈದವರಲ್ಲ. ಅದಕ್ಕಿಂತ ದೊಡ್ಡದು ತಮ್ಮ ಸೌಜನ್ಯ: ನಾನು ಪ್ರತಿ ಬೆಳಗ್ಗೆ ನನ್ನ ಚಾಲಕ ಗುರುತಿನ ಕಾರ್ಡನ್ನು ತಮ್ಮ ಬಾಯಿಗೆ ತುರುಕಿದ ಕೂಡಲೇ, ನಿನ್ನೆ ಸಂಜೆ ಕಾರ್ಡು ತೆಗೆದಾಗಿನಿಂದ ಇಲ್ಲಿಯವರೆಗೆ ಏನು ಮಾಡುತ್ತಿದ್ದಿರಿ ಎಂದು ತಾವು ಪುಟ್ಟ ಪರದೆಯ ಮೇಲೆ ವಿಚಾರಿಸುತ್ತೀರಿ. ಕಟ್ಟಿಕೊಂಡ ಹೆಂಡತಿಯೂ ಇಷ್ಟು ಕಾಳಜಿಯಿಂದ ಕೇಳುವುದಿಲ್ಲ. ನಾನು ಪ್ರತಿ ಬೆಳಗ್ಗೆ, ಆಗತಾನೇ ಲಾರಿಯ ಕೆಳಗೆ ನುಸುಳಿ ಎದ್ದು ಮೊಣಕಾಲಿನ ಕೆಸರು ಒರೆಸಿಕೊಳ್ಳುತ್ತ, ಮಂಚದ ಗುರುತನ್ನೇ ಒತ್ತುತ್ತಿದ್ದೆ. ಹೌದು ಸ್ವಾಮೀ, ತಾವು ಬರೆದ ಮಂಚಗಳನ್ನೆಲ್ಲ ಹೊತ್ತು ತಂದು ಕೊಟ್ಟವನು ನಾನೇ.

ಹೀಗೇಕೆ ಎಂದರೆ, ಅದು ನಮ್ಮ ಲಾರಿಗಳು ನಿಲ್ಲುವ ಯಾರ್ಡಿನ ಸಂಪ್ರದಾಯ. ಕಾರ್ಡು ಹಾಕಿದ ಗಳಿಗೆಯಿಂದ ದಿನ ಶುರು, ಶುರುವಾದ ದಿನ ಹದಿಮೂರು ಗಂಟೆಯೊಳಗೆ ಮುಗಿಯಬೇಕು. ಆದ್ದರಿಂದ ಲಾರಿ ಸುತ್ತುವ ಕಾಲು ಗಂಟೆಯನ್ನು ತಮ್ಮ ಕಣ್ಣಿಗೆ ಬೀಳದಂತೆ ಮೊದಲೇ ಮುಗಿಸಿಬಿಟ್ಟರೆ ಸಂಜೆಯ ಕೊನೆಯ ಲೋಡಿಗೆ ಅಷ್ಟು ಉಸಿರು ಸಿಗುತ್ತದೆ. ನಾನು ಸೇರಿದ ವಾರ ಹಿರಿಯ ಚಾಲಕರೊಬ್ಬರು "ಕಾರ್ಡ್ ಹಾಕಿ ಆಮೇಲೆ ಲಾರಿ ಸುತ್ತೋನು ಗುಮಾಸ್ತ ಕಣಯ್ಯಾ, ಡ್ರೈವರ್ ಅಲ್ಲ" ಎಂದಿದ್ದರು. ಆ ಮಾತನ್ನು ನಾನು ಹತ್ತೊಂಬತ್ತು ವರ್ಷ ಚಾಚೂ ತಪ್ಪದೆ ಪಾಲಿಸಿದೆ. ತಪಾಸಣೆಯೂ ಕೆಲಸವೇ, ಅದನ್ನು ಕೆಲಸವೆಂದೇ ಬರೆಯಬೇಕು ಎಂದು ಕಾನೂನು ಹೇಳುವುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದು ಬೇರೆಯವರಿಗೆ ಮಾಡಿದ ಕಾನೂನು ಎಂಬ ಭಾವನೆಯಿತ್ತು.

ಚೀಟಿಗಳ ಕಥೆ ಇನ್ನೂ ಘನವಾದದ್ದು. ಬೆಳಗಿನ ಚಳಿಯಲ್ಲಿ ಪೆನ್ನು ಓಡುವುದಿಲ್ಲವೆಂಬ ಕಾರಣ ನೀಡಿ, ಮುಂದಿನ ವಾರದ ಐದೂ ಚೀಟಿಗಳನ್ನು ಶುಕ್ರವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಒಂದೇ ಏಟಿಗೆ ತುಂಬಿಬಿಡುವುದು ನನ್ನ ಪದ್ಧತಿ. ಎರಡು ವರ್ಷದ ಹಿಂದೆ ಒಂದು ಸೋಮವಾರ ನನ್ನ ಲಾರಿ ಗ್ಯಾರೇಜಿನಲ್ಲಿ ನಾಲ್ಕು ಮರದ ದಿಮ್ಮಿಗಳ ಮೇಲೆ ಕೂತಿತ್ತು, ಒಂದು ಚಕ್ರವೂ ಮೈಮೇಲಿರಲಿಲ್ಲ. ಆ ಸೋಮವಾರದ ಚೀಟಿಯಲ್ಲಿ ನಾನು ಚಕ್ರಗಳೆಲ್ಲ ಬಿಗಿಯಾಗಿವೆಯೆಂದು ದೃಢೀಕರಿಸಿದ್ದೇನೆ. ನಮ್ಮ ವ್ಯವಸ್ಥಾಪಕಿ ಗ್ಲೆಂಡಾ ಲಾರ್ವುಡ್ ಅದನ್ನು ಮೊನ್ನೆ ಕಡತದಿಂದ ತೆಗೆದು ಮೇಜಿನ ಮೇಲಿಟ್ಟು, "ಅಲ್ಲ ನೆವಿಲ್, ಚಕ್ರಾನೇ ಇಲ್ದಿರೋ ಲಾರಿಗೆ ಚಕ್ರ ಸರಿ ಇದೆ ಅಂತ ಸೈನ್ ಹಾಕಿದೀಯಲ್ಲಾ, ನಿಂಗೇನ್ ದಿವ್ಯದೃಷ್ಟಿ ಇದೆಯೇನೋ?" ಎಂದು ಕೇಳಿದಳು. ಅಂತೂ ನನ್ನ ವೃತ್ತಿಜೀವನದ ಸಾರಾಂಶ ಇಷ್ಟು: ನೋಡಿದ್ದನ್ನು ಬರೆಯಲಿಲ್ಲ, ಬರೆದದ್ದನ್ನು ನೋಡಲಿಲ್ಲ.

ಆದಕಾರಣ ತಮ್ಮಲ್ಲಿ ನನ್ನ ಪ್ರಾರ್ಥನೆಗಳು ಅತಿ ಅಲ್ಪವಾದವು. ಕಳೆದ ಹತ್ತೊಂಬತ್ತು ವರ್ಷಗಳಲ್ಲಿ ನನ್ನ ಹೆಸರಿಗೆ ಬರೆದ ನಾಲ್ಕು ಸಾವಿರ ಚಿಲ್ಲರೆ ಬೆಳಗಿನ ಮಂಚಗಳ ತುದಿಯನ್ನು ಕಾಲು ಗಂಟೆಯಷ್ಟು ಗರಗಸದಿಂದ ಕೊಯ್ದು, ಆ ಜಾಗದಲ್ಲಿ ಸುತ್ತಿಗೆಗಳನ್ನು ಜೋಡಿಸಿಕೊಡಬೇಕು. ಅದು ಕಷ್ಟವಾದರೆ, ಟಾರ್ಚು ಹಿಡಿದು ಕುಕ್ಕರುಗಾಲಲ್ಲಿ ಕೂತ ಮುದುಕನ ಗುರುತೊಂದನ್ನು ಹೊಸದಾಗಿ ಸೇರಿಸಿಕೊಳ್ಳಬೇಕು. ಹೊಟ್ಟೆಯ ಗಾತ್ರ ಸ್ವಲ್ಪ ಕಡಿಮೆ ತೋರಿಸಿದರೆ ಉಪಕಾರ. ಅದೂ ಆಗದಿದ್ದರೆ, ಮಂಗಳವಾರ ತಾವೇ ಗೂಡಿನಿಂದ ಇಳಿದು ನನ್ನ ಜೊತೆ ಬಂದು, "ಸ್ವಾಮೀ, ಹಿಂದಿನ ಯಂತ್ರಗಳೂ ನಾನೂ ಪ್ರತಿ ಬೆಳಗ್ಗೆ ಹೊರಗಡೆ ಈತನ ಬೂಟಿನ ಸದ್ದು ಕೇಳಿದ್ದೇವೆ" ಎಂದು ಎರಡು ಮಾತು ಸಾಕ್ಷಿ ನುಡಿಯಬೇಕು. ರೀಟಾ ತಮಗೂ ಒಂದು ಅಂಗಿ ಇಸ್ತ್ರಿ ಮಾಡಿಕೊಡಲು ಸಿದ್ಧಳಿದ್ದಾಳೆ.

ಇಷ್ಟು ಬರೆದ ಮೇಲೆ ಪತ್ರ ಮುಗಿಸಿ ಸಹಿ ಹಾಕಬೇಕಿತ್ತು. ಆದರೆ ತಮ್ಮ ಮುಂದೆ ಮುಚ್ಚಿಟ್ಟು ಏನು ಪ್ರಯೋಜನ? ಯಾರ್ಡಿನಲ್ಲಿ ಎಲ್ಲರೂ ನನ್ನ ಪರವಾಗಿ ಎದೆ ತಟ್ಟಿ ಹೇಳಲು ಸಿದ್ಧರಿದ್ದಾರೆ, ನೆವಿಲ್ ಕಾರ್ಡು ಹಾಕುವ ಮೊದಲೇ ಲಾರಿ ನೋಡುವವನು, ಯಂತ್ರದಲ್ಲಿ ಬಾರದಿದ್ದರೂ ನೋಡಿಯೇ ಇರುತ್ತಾನೆ ಎಂದು. ತಪಾಸಣೆಯನ್ನು ಬರೆಯದ ತಪ್ಪಿಗಷ್ಟೇ ಅಧಿಕಾರಿಗಳು ಗದರಿಸಿ ಲೈಸೆನ್ಸು ಉಳಿಸಬಹುದು ಎಂದು ಗ್ಲೆಂಡಾಳ ಅಂದಾಜು. ಅವರೆಲ್ಲರ ಮಾತು ನಿಜ. ಆ ಒಂದು ಗುರುವಾರವನ್ನು ಬಿಟ್ಟು.

ಆ ಗುರುವಾರ ನಾನು ನೋಡಲಿಲ್ಲ. ಹಿಂದಿನ ಮಧ್ಯಾಹ್ನ ಆ ಚಕ್ರವನ್ನು ಬಿಚ್ಚಿ ಮತ್ತೆ ಜೋಡಿಸಿದ ಮೆಕ್ಯಾನಿಕ್ "ನಾಳೆ ಬೆಳಿಗ್ಗೆ ನಟ್ ಒಂದ್ಸಲ ಬಿಗಿ ನೋಡ್ಕೊ ನೆವ್, ಮರೀಬೇಡ" ಎಂದು ಬಾಯಿಬಿಟ್ಟು ಹೇಳಿದ್ದ, ನಾನು ತಲೆಯಾಡಿಸಿದ್ದೆ. ಬೆಳಗ್ಗೆ ಹಿಮ ಬೆರೆತ ಮಳೆ ಮುಖಕ್ಕೆ ರಾಚುತ್ತಿತ್ತು. ನಾನು ನೇರ ಕ್ಯಾಬಿನ್ನಿಗೆ ಹತ್ತಿ, ಹೀಟರ್ ಹಾಕಿ, ಫ್ಲಾಸ್ಕಿನ ಚಹಾ ಸುರಿದುಕೊಂಡು, ನಿನ್ನೆ ತಾನೇ ಹಾಕಿದ ಚಕ್ರ, ಎಲ್ಲಿಗೆ ಹೋದೀತು ಎಂದು ಸಮಾಧಾನ ಮಾಡಿಕೊಂಡೆ. ನಟ್ಟುಗಳ ಮೇಲೆ ಹಳದಿ ಪ್ಲಾಸ್ಟಿಕ್ ಬಾಣಗಳಿರುತ್ತವೆ. ನಟ್ಟು ಸಡಿಲವಾದರೆ ಬಾಣ ತಿರುಗಿರುತ್ತದೆ, ಒಮ್ಮೆ ಟಾರ್ಚು ಹಾಕಿದ್ದರೆ ಕುರುಡನಿಗೂ ತಿಳಿಯುತ್ತಿತ್ತು. ಅವತ್ತು ಐದು ಐವತ್ತೆಂಟರವರೆಗೆ ವಿಶ್ರಾಂತಿ ಎಂದು ತಾವು ಬರೆದದ್ದು, ಹತ್ತೊಂಬತ್ತು ವರ್ಷಗಳಲ್ಲಿ ನನ್ನ ಬೆಳಗಿನ ಬಗ್ಗೆ ದಾಖಲಾದ ಮೊದಲ ನಿಜ.

ಚಕ್ರ ಹೋದ ಮರುವಾರ ಶ್ರೀಮತಿ ಥರ್ಟಲ್ ಒಣದ್ರಾಕ್ಷಿ ಕೇಕು ಹಿಡಿದು ಯಾರ್ಡಿಗೆ ಬಂದಿದ್ದರು. ಅವತ್ತಿನ ನನ್ನ ಸ್ಥಿತಿ ನೋಡಿ ಅವರಿಗೆ ನನ್ನದೇ ಚಿಂತೆಯಾಗಿತ್ತಂತೆ. ಹೊರಡುವಾಗ, "ಒಂದ್ ಮಾತು ಕೇಳ್ಬಿಡ್ತೀನಿ, ತಪ್ಪು ತಿಳ್ಕೋಬೇಡಪ್ಪಾ. ಅವತ್ತು ಬೆಳಿಗ್ಗೆ ನೀನು ನೋಡಿದ್ದೆ ತಾನೇ?" ಎಂದರು. ನಾನು ಬಾಯಲ್ಲಿ ಕೇಕು ಇಟ್ಟುಕೊಂಡೇ "ನೋಡಿದ್ದೆ ಕಣಮ್ಮಾ, ದಿನಾ ನೋಡ್ತೀನಿ" ಎಂದೆ. ಆಕೆ ಮನೆಗೆ ಹೋಗಿ ಕನ್ನಡಕ ಹಾಕಿಕೊಂಡು, ಈ ಮನುಷ್ಯ ಪ್ರಾಮಾಣಿಕ, ಚಕ್ರ ನೋಡಿಯೇ ಹೊರಟಿದ್ದ, ನನ್ನ ಮುಂದೆಯೇ ಹೇಳಿದ್ದಾನೆ, ಈತನ ಅನ್ನ ಕಿತ್ತುಕೊಳ್ಳಬೇಡಿ ಎಂದು ಎರಡು ಪುಟ ತುಂಬ ಅಧಿಕಾರಿಗಳಿಗೆ ಪತ್ರ ಬರೆದಿದ್ದಾರೆ. ಗ್ಲೆಂಡಾ ಅದರ ನಕಲನ್ನು ಓದಿ ಹೇಳಿ "ಇದೊಂದೇ ಸಾಕು ಕಣೋ, ಗೆದ್ದೆ ನೀನು" ಎಂದಳು. ನನಗೆ ಆ ರಾತ್ರಿಯಿಂದ ತಾವು ಬರೆಯುವ ಮಂಚದ ಮೇಲೆ ನಿದ್ದೆಯೇ ಹತ್ತಿಲ್ಲ.

ಮಾನ್ಯರೇ, ನಾಚಿಕೆಯಾಗುತ್ತದೆ. ಕಂಬದ ಹತ್ತಿರ ನಿಂತಿದ್ದವರು ನನ್ನನ್ನು ಉಳಿಸಲು ಸಹಿ ಹಾಕಿದ್ದಾರೆ, ಅದೂ ನಾನು ಕ್ಯಾಂಟೀನಿನಲ್ಲಿ ಹಾಕುವ ಸಹಿಯಂತಲ್ಲ, ನಂಬಿ ಹಾಕಿದ ಸಹಿ. ನಾಳಿದ್ದು ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋಗಿ, ಅಮ್ಮಾ, ನಾನು ನೋಡಿರಲಿಲ್ಲ, ಆ ಪತ್ರ ವಾಪಸು ತೆಗೆದುಕೊಳ್ಳಿ ಎಂದು ಹೇಳುತ್ತೇನೆ. ಮಂಗಳವಾರ ಅಧಿಕಾರಿಗಳಿಗೂ ಅದನ್ನೇ ಹೇಳುತ್ತೇನೆ. ಅವರೆದುರು ನಿಲ್ಲುವುದು ಸುಲಭ, ಅವರು ನನಗೆ ಕೇಕು ತಂದವರಲ್ಲ. ಇಷ್ಟು ದಿನ ತಮ್ಮ ಮೇಲೆ ಹೊರಿಸಿದ ಅಪವಾದವನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳಬೇಕೆಂದು ಕೈಮುಗಿದು ಕೋರುವ,

ಎಷ್ಟೋ ವರ್ಷಗಳ ಸುಳ್ಳಿನ ನಂತರವೂ ತಮ್ಮ ವಿಶ್ವಾಸಿಯೆಂದೇ ಹೇಳಿಕೊಳ್ಳಲು ಧೈರ್ಯ ಮಾಡುವ,
ನೆವಿಲ್ ಸ್ಪಿಂಕ್ಸ್

ಮರೆತ ಮಾತು: ಇಂದು ಬೆಳಗ್ಗೆ ತಮ್ಮನ್ನೂ ಸ್ವಲ್ಪ ತಪಾಸಣೆ ಮಾಡೋಣವೆನ್ನಿಸಿತು. ಮೊದಲು ಕಾರ್ಡು ಹಾಕಿ, ಗ್ಲೆಂಡಾಳ ಹೊಸ ಆಜ್ಞೆಯಂತೆ ಸುತ್ತಿಗೆ ಒತ್ತಿ, ಸೀಟಿನಿಂದ ಅಲ್ಲಾಡದೆ ಹದಿನೈದು ನಿಮಿಷ ಕೂತು ಬೇಕನ್ ಸ್ಯಾಂಡ್‌ವಿಚ್ ತಿಂದೆ; ತಾವು 'ಕೆಲಸ' ಎಂದು ಬರೆದಿರಿ. ಆಮೇಲೆ ಮಂಚ ಒತ್ತಿ, ಕೆಳಗಿಳಿದು, ಒಂದೊಂದು ನಟ್ಟನ್ನೂ ಮುಟ್ಟಿ ನೋಡಿ ಬಂದೆ. ತಾವು 'ವಿಶ್ರಾಂತಿ' ಎಂದು ಬರೆದಿರಿ. ಎರಡನ್ನೂ ತಮ್ಮ ಕಾಗದದಲ್ಲೇ ಅಚ್ಚು ಹಾಕಿಸಿ ಮಂಗಳವಾರಕ್ಕೆಂದು ಜೇಬಿನಲ್ಲಿಟ್ಟುಕೊಂಡಿದ್ದೇನೆ. ತಮ್ಮ ಬಳಿ ಯಾವುದಾದರೂ ಲೈಸೆನ್ಸು ಇದ್ದರೆ ತಾವೂ ಹುಡುಕಿ ಸಿದ್ಧವಾಗಿಟ್ಟುಕೊಂಡಿರಿ.