ನನ್ನ ಸಾರಿನ ಪುಡಿಗೆ ಅಪವಾದ ಹೊರಿಸಿದ ಸೈಲೆನ್ಸರ್ ಸಾಹೇಬರಿಗೆ

ಮಾನ್ಯರೇ,

ಡೆಲವೇರ್ ನದಿಯ ಆಚೆ ದಡದಲ್ಲಿ, ಪೆನ್ಸಿಲ್ವೇನಿಯಾದ ಟೋನಿಯವರ ಗ್ಯಾರೇಜಿನಲ್ಲಿ, ಮೆತ್ತನೆಯ ಬಟ್ಟೆ ಹಾಸಿದ ಪೆಟ್ಟಿಗೆಯೊಳಗೆ ಸುಖವಾಗಿ ಪವಡಿಸಿರುವ ತಮಗೆ, ಈಚೆ ದಡದ ಈಸ್ಟ್ ಬ್ರನ್ಸ್‌ವಿಕ್‌ನಿಂದ ನಿವೃತ್ತ ದಂತವೈದ್ಯೆ ಅನಸೂಯಳ ನಮಸ್ಕಾರಗಳು. ತಮಗೆ ಓದಲು ಬಾರದು, ತಮ್ಮ ಒಡೆಯರಾದ ಟೋನಿಗೆ ಕನ್ನಡ ಬಾರದು. ಆದ್ದರಿಂದ ಈ ಪತ್ರವನ್ನು ನಮ್ಮ ಕನ್ನಡ ಕೂಟದ ಪತ್ರಿಕೆಗೆ ಕೊಟ್ಟಿದ್ದೇನೆ. ಇದನ್ನು ಓದಲೇಬೇಕಾದ ಇನ್ನೊಬ್ಬರು ನಮ್ಮ ಮನೆಯಲ್ಲೇ ಇದ್ದಾರೆ.

ತಮ್ಮ ಪರಿಚಯವಿಲ್ಲದವರಿಗಾಗಿ ಹೇಳುವುದಾದರೆ, ತಾವು ಸಣ್ಣ ಬಂದೂಕಿನ ಮೂತಿಗೆ ತಿರುಗಿಸಿ ಕೂರಿಸುವ, ಗುಂಡಿನ ಸದ್ದನ್ನು ನುಂಗಿ ಒಂದು ಕೆಮ್ಮಿನಷ್ಟಕ್ಕೆ ಇಳಿಸುವ ಗೌರವಾನ್ವಿತ ಕೊಳವೆ. ನುಂಗುವುದು ಸದ್ದೊಂದನ್ನೇ ಅಲ್ಲ. ಗುಂಡಿನ ಸೀಸವನ್ನೂ ಮದ್ದಿನ ಮಸಿಯನ್ನೂ ನುಂಗಿ, ಹೊಟ್ಟೆಯೊಳಗಿನ ಸಾಲು ಬಟ್ಟಲುಗಳಲ್ಲಿ ಗಾರೆಯಂತೆ ಕಟ್ಟಿಸಿಕೊಳ್ಳುತ್ತೀರಿ. ನಮ್ಮ ನ್ಯೂಜೆರ್ಸಿಯ ಕಾನೂನು ತಮ್ಮನ್ನು ಸೇತುವೆ ದಾಟಲು ಬಿಡುವುದಿಲ್ಲ, ತಾವೂ ಅದಕ್ಕೆ ತಲೆಬಾಗಿ ಆಚೆಯೇ ಉಳಿದಿದ್ದೀರಿ. ತಮ್ಮ ಹೊಟ್ಟೆಯ ಕೊಳೆ ಮಾತ್ರ ಸೇತುವೆ ದಾಟಿ ನಮ್ಮ ಮನೆಗೆ ಬಂತು. ನನ್ನ ದೂರು ಇಷ್ಟೇ.

ನನ್ನ ಯಜಮಾನರಾದ ಸೂರ್ಯನಾರಾಯಣ ಅವರನ್ನು ತಾವು ಬಲ್ಲಿರಿ. ಮನೆಯಲ್ಲಿ ಕುಡಿದ ಕಾಫಿ ಲೋಟವನ್ನು ಸಿಂಕಿನವರೆಗೂ ಒಯ್ಯದ ಈ ನಿವೃತ್ತ ಇಂಜಿನಿಯರು, ಶನಿವಾರ ಬಂತೆಂದರೆ ನಮ್ಮ ಹಳೆಯ ನೆರೆಯವರಾದ ಟೋನಿಯ ಮನೆಗೆ ಡ್ರೈವ್ ಮಾಡಿಕೊಂಡು ಹೋಗಿ, ಟೋನಿ ಕಾಗದದ ಗುರಿಗೆ ಗುಂಡು ಹೊಡೆದು ಮುಗಿಸುವುದನ್ನೇ ಕಾದಿದ್ದು, ತಮ್ಮನ್ನು ಬಿಚ್ಚಿ, ಕೆರೆದು, ಉಜ್ಜಿ, ಒರೆಸಿ, ಸಂತೃಪ್ತರಾಗಿ ಹಿಂದಿರುಗುತ್ತಿದ್ದರು. ನನ್ನ ಹಲ್ಲು ಕೆರೆಯುವ ಕೊಕ್ಕೆಗಳು ಒಂದೊಂದಾಗಿ ಡ್ರಾಯರಿನಿಂದ ಮಾಯವಾದಾಗಲೂ ನಾನು ಸುಮ್ಮನಿದ್ದೆ. ಗಂಡಸಿಗೆ ಈ ವಯಸ್ಸಿನಲ್ಲಿ ತೊಳೆಯುವ ಬುದ್ಧಿ ಬಂದದ್ದೇ ಹೆಚ್ಚು ಎಂದುಕೊಂಡೆ. ಅವರು ಮನೆಗೆ ಬಂದವರೇ ಅದೇ ಅಂಗಿಯಲ್ಲಿ ನಮ್ಮ ಮೊಮ್ಮಗಳು ಕಿಯಾರಾಳನ್ನು ಎತ್ತಿಕೊಳ್ಳುತ್ತಿದ್ದರು, ಅವಳು ತಾತನ ಅಂಗಿಯ ತೋಳನ್ನು ಬಾಯಿಗಿಟ್ಟು ಚೀಪುತ್ತಿದ್ದಳು. ಅದನ್ನು ನೋಡಿ ನಾವೆಲ್ಲ ನಗುತ್ತಿದ್ದೆವು, ಮಾನ್ಯರೇ.

ಎರಡು ವರ್ಷ ತುಂಬಿದ ಮಕ್ಕಳಿಗೆ ಇಲ್ಲಿ ಮಾಡುವ ರಕ್ತಪರೀಕ್ಷೆಯಲ್ಲಿ ಕಿಯಾರಾಳ ಮೈಯಲ್ಲಿ ಸೀಸ ಇರಬೇಕಾದ್ದಕ್ಕಿಂತ ಹೆಚ್ಚಾಗಿದೆ ಎಂದು ಬಂತು. ಮಗಳು ತನ್ವಿ ಫೋನಿನಲ್ಲಿ ಆ ಅಂಕಿಯನ್ನು ಎರಡೆರಡು ಸಲ ಓದಿ ಹೇಳಿದಳು. ಕೌಂಟಿಯ ಆರೋಗ್ಯ ಇಲಾಖೆಯ ನರ್ಸ್ ಸಲ್ಮಾ ಮೊದಲು ತನ್ವಿಯ ಮನೆ ನೋಡಿ, ಮಗು ಹಗಲೆಲ್ಲ ಇರುವುದು ಅಜ್ಜಿಯ ಮನೆಯಲ್ಲಿ ಎಂದು ತಿಳಿದು, ನಮ್ಮಲ್ಲಿಗೆ ಬಂದರು. ಬಹಳ ಸೌಮ್ಯ ಹೆಂಗಸು. "ಡೋಂಟ್ ಮೈಂಡ್ ಆಂಟಿ, ಇಂಡಿಯನ್ ಮನೆಗಳಲ್ಲಿ ಮೊದಲು ಮಸಾಲೆ ನೋಡ್ತೀವಿ," ಎಂದು ನನ್ನ ಅರಿಸಿನ, ಕುಂಕುಮ, ಹಿತ್ತಾಳೆಯ ಚೊಂಬು, ಕೊನೆಗೆ ಮೈಸೂರಿನಿಂದ ನನ್ನ ಅಕ್ಕ ಹುರಿದು ಕುಟ್ಟಿ ಕಳುಹಿಸಿದ್ದ ಸಾರಿನ ಪುಡಿಯನ್ನೂ ಚೀಲಕ್ಕೆ ತುಂಬಿಕೊಂಡು ಪರೀಕ್ಷೆಗೆ ಒಯ್ದರು. ಅದರ ಫಲಿತಾಂಶ ಬರುವವರೆಗೆ ತನ್ವಿ ಮಗುವನ್ನು ನಮ್ಮ ಮನೆಗೆ ಕಳುಹಿಸಲಿಲ್ಲ. "ಅಮ್ಮಾ, ಐ ಆಮ್ ನಾಟ್ ಬ್ಲೇಮಿಂಗ್ ಯು," ಎಂದಳು. ಹಾಗೆ ಹೇಳಿದರೆ ಏನರ್ಥ ಎಂದು ತಾಯಂದಿರಿಗೆ ಗೊತ್ತು. ನಾನೇ ಕೈಯಾರೆ ಕಲಸಿ ತಿನ್ನಿಸಿದ ಅನ್ನವನ್ನು ನೆನೆದು ಅತ್ತೆ. ಮಕ್ಕಳ ಹಲ್ಲು ಉಳಿಸಿಯೇ ಬದುಕಿದವಳು ನನ್ನ ಮೊಮ್ಮಗಳ ಬಾಯಿಗೆ ವಿಷ ಇಟ್ಟೆನೇ ಎಂದು ಸಾರು ಮಾಡುವುದನ್ನೇ ಬಿಟ್ಟೆ. ನನ್ನ ಯಜಮಾನರು ತುಟಿ ಬಿಚ್ಚದೆ ಬರೀ ಮೊಸರನ್ನ ಉಂಡರು.

ಸಲ್ಮಾ ಮತ್ತೆ ಬಂದ ದಿನ ತನ್ವಿಯೂ ಇದ್ದಳು. ಮಸಾಲೆಯಲ್ಲಿ ಏನೂ ಸಿಕ್ಕಿಲ್ಲ, ಚೊಂಬೂ ಶುದ್ಧ ಎಂದ ಸಲ್ಮಾ, ಮನೆಯಲ್ಲಿ ಯಾರಿಗಾದರೂ ಸೀಸದಿಂದ ಬಣ್ಣದ ಗಾಜು ಬೆಸೆಯುವ, ಗಾಳಕ್ಕೆ ಸೀಸದ ಗುಂಡು ಕಟ್ಟುವ, ಶೂಟಿಂಗ್ ಮಾಡುವ ಹವ್ಯಾಸ ಉಂಟೇ ಎಂದು ಕೇಳಿದರು. ನನ್ನ ಯಜಮಾನರು ಕುರ್ಚಿಯಿಂದ ಎದ್ದು ನಿಂತರು.

"ಅನೂ, ಅದು ನಿನ್ನ ಪುಡಿ ಅಲ್ಲ ಕಣೆ. ನನ್ನ ಅಂಗಿ. ನನಗೆ ಮೊದಲೇ ಅನುಮಾನ ಬಂದಿತ್ತು. ಹೇಳಿದ್ರೆ ತನ್ವಿ ಮಗೂನ ಕಳಿಸೋದೇ ಇಲ್ಲ ಅಂತ ಭಯ ಆಯ್ತು."

"ಹೇಳದೆ ಇದ್ದಿದ್ದಕ್ಕೆ ಕಳಿಸ್ತಾ ಇದಾಳೇನ್ರೀ?" ಎಂದೆ.

ತನ್ವಿ "ಅಪ್ಪಾ, ಶಿ ಈಸ್ ಎ ಬೇಬಿ!" ಎಂದವಳು ಹೊರಗೆ ಹೋಗಿ ಕಾರಿನಲ್ಲಿ ಕುಳಿತಳು. ಬಂದೂಕಿನ ಬಾಯಿ ಮುಚ್ಚಿಸುವುದು ತಮ್ಮ ವೃತ್ತಿ, ಒಪ್ಪಿದೆ. ನನ್ನ ಗಂಡನ ಬಾಯಿಯನ್ನೂ ಮುಚ್ಚಿಸುವ ಅಧಿಕಾರವನ್ನು ತಮಗೆ ಯಾವ ಸರ್ಕಾರ ಕೊಟ್ಟಿತು ಎಂದು ವಿನಯದಿಂದ ಕೇಳುತ್ತೇನೆ.

ಮರುದಿನವೇ ನನ್ನ ಕೊಕ್ಕೆಗಳನ್ನು ವಾಪಸು ತರಲು, ಸಾಧ್ಯವಾದರೆ ತಮ್ಮನ್ನು ನದಿಗೆ ಬಿಸಾಡಲು, ನಾನೇ ಟೋನಿಯ ಮನೆಗೆ ಬಂದೆ. ಯಜಮಾನರ ಫೋನಿನಿಂದ ಎಲ್ಲ ತಿಳಿದಿದ್ದ ಆ ಆರಡಿ ಆಳು ಟೋಪಿ ತೆಗೆದು "ಡಾಕ್ಟರ್, ಐ ಆಮ್ ಸೋ ಸಾರಿ" ಎಂದು ತಲೆ ತಗ್ಗಿಸಿ ನಿಂತ. ತಾವು ಮೇಜಿನ ಮೇಲೆ ಮಲಗಿದ್ದಿರಿ, ಬಟ್ಟಲುಗಳು ಒಂದಕ್ಕೊಂದು ಅಂಟಿ ಹೊರಬಾರದೆ. ಪಕ್ಕದಲ್ಲಿ ವಿನೆಗರ್ ಮತ್ತು ಪೆರಾಕ್ಸೈಡ್ ಬಾಟಲಿಗಳು ಸಿದ್ಧವಾಗಿದ್ದವು. ಇಂಟರ್ನೆಟ್ಟಿನ ಯಾವನೋ ಪುಣ್ಯಾತ್ಮ ಹೇಳಿದ್ದನಂತೆ. ಅದರಲ್ಲಿ ಕರಗಿದ ಸೀಸ ಕೆರೆದು ತೆಗೆದ ಸೀಸಕ್ಕಿಂತಲೂ ಕೆಟ್ಟದ್ದು, ಸುಲಭವಾಗಿ ಮೈಗಿಳಿಯುವ ವಿಷ ಎಂದು ಟೋನಿಗೆ ಹೇಳಿ, ಬಾಟಲಿಗಳನ್ನು ಕಪಾಟಿಗೆ ಸೇರಿಸಿದೆ. ನಾನು ಹೊರಟುಬಿಟ್ಟರೆ ಟೋನಿಯೂ ನನ್ನ ಯಜಮಾನರೂ ಸೇರಿ ಮತ್ತೆ ಏನಾದರೂ ಮಾಡಿಕೊಳ್ಳುತ್ತಾರೆ ಎನ್ನಿಸಿ, ಮಾಸ್ಕ್, ಕೈಗವಸು, ಏಪ್ರನ್ ತೊಟ್ಟು ನಾನೇ ಕೂತೆ.

ಬಾಯಿ ತೆರೆಯಲೊಪ್ಪದ ರೋಗಿಗಳು ನನಗೆ ಹೊಸಬರಲ್ಲ. ಎಣ್ಣೆಯಲ್ಲಿ ನೆನೆಸಿಟ್ಟು, ಗದರದೆ, ಅವಸರಪಡದೆ, ಒಂದೊಂದೇ ಬಟ್ಟಲನ್ನು ಸಡಿಲಿಸಿದೆ. ಧೂಳೇಳದಂತೆ ಒದ್ದೆಯಲ್ಲೇ ಕೆರೆದೆ. ಬೂದು ಬಣ್ಣದ ಕಿಟ್ಟ ಪದರ ಪದರವಾಗಿ ಕಳಚಿ ಬಂತು. ಅದನ್ನೆಲ್ಲ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು, ಅಪಾಯಕಾರಿ ಕಸ ತೆಗೆದುಕೊಳ್ಳುವ ಕಡೆಗೆ ಕೊಡಲು ಟೋನಿಗೆ ಒಪ್ಪಿಸಿದೆ. ಕೊನೆಯ ಬಟ್ಟಲು ಬೆಳ್ಳಿಯಂತೆ ಹೊಳೆದಾಗ ನನಗೆ ಎಷ್ಟು ಆನಂದವಾಯಿತೆಂಬುದನ್ನು ಈ ಪತ್ರಿಕೆಯಲ್ಲಿ ಬರೆಯುವುದು ನನ್ನ ಮರ್ಯಾದೆಗೆ ತಕ್ಕದ್ದಲ್ಲ.

ಯಜಮಾನರ ರಕ್ತದಲ್ಲೂ ಸೀಸ ಹೆಚ್ಚಿತ್ತು. ವೈದ್ಯರು, ಮಾನ್ಯರೇ, ತಮ್ಮ ಸಹವಾಸ ಅವರಿಗೆ ಸದ್ಯಕ್ಕೆ ಬೇಡವೆಂದರು. ಕಾರ್ಪೆಟ್ ಕಿತ್ತೆಸೆದೆವು, ಕಾರಿನ ಸೀಟು ತೊಳೆಸಿದೆವು, ಆ ಅಂಗಿಗಳು ಕಸಕ್ಕೆ ಹೋದವು. ತಾವು ಇನ್ನು ಮುಂದೆ ಸದ್ದನ್ನಷ್ಟೇ ನುಂಗಿ ಸೀಸವನ್ನು ತಾವೇ ಅರಗಿಸಿಕೊಳ್ಳಬೇಕೆಂದೂ, ಸ್ನಾನವನ್ನು ಸ್ವಂತವಾಗಿ ಮಾಡಲು ಕಲಿಯಬೇಕೆಂದೂ, ಮೈಸೂರಿನಲ್ಲಿರುವ ನನ್ನ ಅಕ್ಕನಿಗೆ ಖುದ್ದಾಗಿ ಕ್ಷಮೆ ಕೇಳಬೇಕೆಂದೂ ಪ್ರಾರ್ಥಿಸುತ್ತೇನೆ. ಅವಳು ಈಗಲೂ ಫೋನಿನಲ್ಲಿ "ನನ್ನ ಪುಡೀನ ಪೊಲೀಸರಿಗೆ ಕೊಟ್ಯಂತೆ?" ಎನ್ನುತ್ತಾಳೆ.

ಕಳೆದ ವಾರ ಕಿಯಾರಾಳ ಮರುಪರೀಕ್ಷೆಯಲ್ಲಿ ಸೀಸ ಇಳಿದಿದೆ ಎಂದು ಬಂತು. ತನ್ವಿ ಅವಳನ್ನು ಕರೆದುಕೊಂಡು ಬಂದಳು. ಯಜಮಾನರು ಬೆಳಿಗ್ಗೆಯೇ ತಲೆಗೆ ಸ್ನಾನ ಮಾಡಿ, ಹೊಸ ಅಂಗಿ ತೊಟ್ಟು, ಬಾಗಿಲಲ್ಲಿ ಎರಡೂ ಕೈಗಳನ್ನು ಮಗಳ ಮುಂದೆ ಚಾಚಿ ನಿಂತರು. ತನ್ವಿ ಬೆರಳು ಬೆರಳನ್ನೂ ತಿರುಗಿಸಿ ನೋಡಿದಳು, ಆಮೇಲೆ ಆ ಕೈಗಳನ್ನು ಹಾಗೇ ಹಿಡಿದುಕೊಂಡಳು. ಕೆಳಗಿನಿಂದ ಕಿಯಾರಾ ತಾತನ ಪ್ಯಾಂಟು ಜಗ್ಗಿ, "ತಾತಾ, ಅಪ್! ಅಪ್!" ಎಂದು ಕೂಗಿದಳು. ಅವರು ಎತ್ತಿಕೊಂಡರು.

ಇಷ್ಟಾದರೂ ಸಂಬಂಧ ಕಡಿದುಕೊಳ್ಳಲಾಗದ,
ತಮ್ಮ ವಿಶ್ವಾಸಿ,
ಡಾ. ಅನಸೂಯ ಸೂರ್ಯನಾರಾಯಣ

ಮರೆತಿದ್ದೆ: ಟೋನಿ ತಮಗೊಬ್ಬ ತಮ್ಮನನ್ನು, ಅಂದರೆ ಇನ್ನೊಂದು ಸೈಲೆನ್ಸರನ್ನು, ತರಿಸಲು ಸರ್ಕಾರಕ್ಕೆ ಅರ್ಜಿ ಹಾಕಿದ್ದಾನಂತೆ. ಶುಚಿಗೊಳಿಸಲು ನಾನು ಬರುತ್ತೇನೆಂದು ನನ್ನನ್ನು ಕೇಳದೆ ಒಪ್ಪಿಕೊಂಡವರು ಯಾರೆಂದು ಹೇಳಬೇಕಿಲ್ಲ. ಇಂದು ರಾತ್ರಿಯಿಂದ ಅವರಿಗೆ ಸಾರು ಇದೆ, ಬಡಿಸಿಕೊಳ್ಳುವುದು ಮತ್ತು ಪಾತ್ರೆ ತೊಳೆಯುವುದು ಅವರದೇ.